ದೈವನ್ಯಾಯದಲ್ಲಿ ಜನಾಂಗವೂ ವ್ಯಕ್ತಿಯೂ

ಸಿರಿಗೆರೆಯ ತರಳಬಾಳು ಬೃಹನ್ಮಠದ ಹೆಸರು ಮೂಲದಲ್ಲಿ ಒಂದು ಆಶೀರ್ವಚನ. 12ನೆಯ ಶತಮಾನದ ಮರುಳಸಿದ್ಧರು ಶಿಷ್ಯನಾದ ತೆಲುಗುಬಾಳು ಸಿದ್ಧನನ್ನು ಪೀಠದಲ್ಲಿ ಕುಳ್ಳಿರಿಸಿ ‘ತರಳಾ, ಬಾಳು’ ಎಂದು ಹರಸಿದರೆಂಬುದು ಮಠದ ಪರಂಪರೆ. ಮಾತು ಏಕವಚನದ್ದು, ಆಡಿದುದು ಒಬ್ಬನಿಗೆ. ಆದರೂ ಅದು ಪೀಠದ ಹೆಸರಾಗಿ, ಒಂದು ಸಮುದಾಯಕ್ಕೆಲ್ಲ ಸಲ್ಲುವ ಹರಕೆಯಾಗಿ ನಿಂತಿತು.

ಒಬ್ಬನಿಗೂ ಸಮೂಹಕ್ಕೂ ಇರುವ ಈ ಸಂಬಂಧವು ಕ್ರೈಸ್ತಶಾಸ್ತ್ರದಲ್ಲಿ ನ್ಯಾಯದ ಪ್ರಶ್ನೆಯಾಗಿ ಪರಿಣಮಿಸುತ್ತದೆ: ದೇವರು ವ್ಯವಹರಿಸುವುದು ಜನಾಂಗಗಳೊಡನೆಯೋ, ವ್ಯಕ್ತಿಗಳೊಡನೆ ಮಾತ್ರವೋ? ಇದು ಕೇವಲ ವಾದದ ವಿಷಯವಲ್ಲ. ಜನಾಂಗವೊಂದೇ ಗಣ್ಯವೆಂದರೆ ನಿರಪರಾಧಿಗೂ ದಂಡನೆ ತಪ್ಪದು. ಗೆದ್ದ ರಾಜ್ಯವು ತನ್ನ ಗೆಲವನ್ನೇ ದೈವಾನುಗ್ರಹವೆಂದು ಸಾರೀತು. ವ್ಯಕ್ತಿಯೊಬ್ಬನೇ ಗಣ್ಯನೆಂದರೆ ಊರೆಲ್ಲ ಸೇರಿ ನಡೆಸಿದ ಅಸ್ಪೃಶ್ಯತೆಯಂತಹ ಅನ್ಯಾಯಕ್ಕೆ ಹೊಣೆಗಾರರೇ ಇಲ್ಲದಂತಾದೀತು.

ಹಳೆಯ ಒಡಂಬಡಿಕೆಯಲ್ಲಿ ಎರಡು ಪಕ್ಷಗಳಿಗೂ ಆಧಾರವುಂಟು. ಪ್ರವಾದಿಯಾದ ಆಮೋಸನು ದಮಸ್ಕ, ಗಾಜಾ ಮೊದಲಾದ ನೆರೆರಾಜ್ಯಗಳನ್ನು ಅವುಗಳ ಕ್ರೌರ್ಯಕ್ಕಾಗಿ ಖಂಡಿಸಿ, ಅದೇ ಉಸಿರಿನಲ್ಲಿ ಇಸ್ರಾಯೇಲನ್ನೂ ಖಂಡಿಸುತ್ತಾನೆ. ಆಯ್ಕೆಯಾದ ಜನಾಂಗವೆಂದು ಅದಕ್ಕೆ ವಿನಾಯಿತಿಯಿಲ್ಲ. ಯೆಹೆಜ್ಕೇಲನ 18ನೆಯ ಅಧ್ಯಾಯವಾದರೋ ತಂದೆಯ ಪಾಪಕ್ಕೆ ಮಗನು ಹೊಣೆಯಲ್ಲವೆಂದು ನಿರ್ಣಯಿಸುತ್ತದೆ. ಇನ್ನು ದಶಾಜ್ಞೆಗಳಲ್ಲಿ ಇವೆರಡೂ ಕೂಡಿವೆ: ಕೇಳುವವರು ನೆರೆದ ಜನವೆಲ್ಲ, ಆದರೆ ಹೀಬ್ರೂ ಮೂಲದಲ್ಲಿ ಸಂಬೋಧನೆ ಏಕವಚನದಲ್ಲಿದೆ.

ಹೊಸ ಒಡಂಬಡಿಕೆಯಲ್ಲಿ ಮತ್ತಾಯನ 25ನೆಯ ಅಧ್ಯಾಯದ ಅಂತ್ಯನ್ಯಾಯದ ಪ್ರಸಂಗವು ವಿಶೇಷವಾಗಿ ಗಮನಾರ್ಹ. ಸಿಂಹಾಸನದ ಮುಂದೆ ಕೂಡುವುವು ಸಕಲ ಜನಾಂಗಗಳು. ಗ್ರೀಕ್ ಮೂಲದಲ್ಲಿ ಆ ಪದ ನಪುಂಸಕಲಿಂಗದ್ದು. ಬೇರ್ಪಡಿಸುವಾಗ ಬರುವ ಸರ್ವನಾಮವಾದರೋ ಪುಲ್ಲಿಂಗದ ಬಹುವಚನ. ‘ಅವು’ ಎಂಬುದಕ್ಕೂ ‘ಅವರು’ ಎಂಬುದಕ್ಕೂ ಭೇದವಿರುವ ಕನ್ನಡದಲ್ಲಿ ಇದು ಸುಲಭವಾಗಿ ಸ್ಪಷ್ಟವಾಗುತ್ತದೆ: ಕೂಡುವುವು ಜನಾಂಗಗಳು, ಬೇರ್ಪಡುವವರು ಜನರು. ಅರ್ಥಾನುಸಾರಿಯಾದ ಇಂತಹ ಲಿಂಗವ್ಯತ್ಯಾಸ ಗ್ರೀಕ್ ಭಾಷೆಯಲ್ಲಿ ಸಹಜವೇ ಆದುದರಿಂದ ವ್ಯಾಕರಣವೊಂದರಿಂದಲೇ ಸಿದ್ಧಾಂತಮಾಡಲಾಗದು. ಆದರೆ ಅಲ್ಲಿ ವಿಚಾರಿಸುವ ಕೃತ್ಯಗಳೂ ಇದನ್ನೇ ಸಮರ್ಥಿಸುತ್ತವೆ: ಹಸಿದವನಿಗೆ ಅನ್ನವಿಕ್ಕುವುದು, ಸೆರೆಯಲ್ಲಿದ್ದವನನ್ನು ಕಾಣಹೋಗುವುದು. ಇವು ಸೈನ್ಯವೋ ಸಿಂಹಾಸನವೋ ಮಾಡತಕ್ಕ ಕಾರ್ಯಗಳಲ್ಲ, ಮನುಷ್ಯನು ಮನುಷ್ಯನಿಗೆ ಮಾಡತಕ್ಕವು.

ಆದುದರಿಂದ ‘ಜನಾಂಗವೋ ವ್ಯಕ್ತಿಯೋ’ ಎಂಬ ವಿಕಲ್ಪವೇ ಸಾಧುವಲ್ಲ. ಚರಿತ್ರೆಯಲ್ಲಿ ಜನಾಂಗಗಳು ತಮ್ಮ ಕೃತ್ಯಗಳ ಫಲವನ್ನು ಒಟ್ಟಾಗಿ ಉಣ್ಣುತ್ತವೆಂಬುದು ಪ್ರವಾದಿಗಳ ಮತ. ಕಡೆಯ ಉತ್ತರವನ್ನು ಒಬ್ಬೊಬ್ಬನೂ ತಾನೇ ಕೊಡಬೇಕೆಂಬುದು ಸುವಾರ್ತೆಯ ಮತ. ಸಿರಿಗೆರೆಯ ಹರಕೆಗೂ ಈ ತೀರ್ಪಿಗೂ ಭೇದವುಂಟು. ಅದು ಗುರುವಿನ ವಾತ್ಸಲ್ಯದ ಮಾತು, ಇದು ನ್ಯಾಯಾಧಿಪತಿಯ ಮಾತು. ಹರಕೆಯನ್ನು ಸಮೂಹವೆಲ್ಲ ಹಂಚಿಕೊಳ್ಳಬಹುದು. ಹೊಣೆಯನ್ನು ಹಾಗೆ ಹಂಚಿ, ತನ್ನ ಪಾಲು ಇಲ್ಲವೆನ್ನುವಂತಿಲ್ಲ.