ಯಾಕೆಂದು ಹೇಳದ ಪುಸ್ತಕ

ಇಳಕಲ್ಲ ಸೀರೆ ಕೊಳ್ಳಲು ಹೋದರೆ ನಾವು ಹೆಣ್ಣುಮಕ್ಕಳು ಸೆರಗು ತಿರುವಿ ಹಿಂಬದಿಯ ನೇಯ್ಗೆ ನೋಡದೆ ದುಡ್ಡು ಎಣಿಸುವುದಿಲ್ಲ. ಓದುವ ಪುಸ್ತಕದ ವಿಷಯದಲ್ಲಿ ಮಾತ್ರ ಮಾರುವವನ ಮಾತು ನಂಬಿಬಿಡುತ್ತೇವೆ. ಹೋದ ವರ್ಷ ತಂಗಿಯ ಮಗಳು ನಮ್ಮ ನೇಸರಗಿಯ ಮನೆಯ ಪಡಸಾಲೆಯಲ್ಲಿ ಹರಡಿಕೊಂಡು ಕೂತ ಪುಸ್ತಕಗಳನ್ನು ಕಂಡಾಗ ನನಗೆ ಹೀಗನಿಸಿತು.

ಅವಳು ಬೆಳಗಾವಿಯಲ್ಲಿ ಕಂಪ್ಯೂಟರ್ ಓದಿದವಳು. ಮದುವೆ, ಬಾಣಂತನ ಎಂದು ಆರು ವರ್ಷ ಕೆಲಸ ಬಿಟ್ಟಿದ್ದಳು. ಡೇಟಾಬೇಸ್ ವಿಷಯದ ಪ್ರಮಾಣಪತ್ರವೊಂದಿದ್ದರೆ ಮತ್ತೆ ಸಂದರ್ಶನಕ್ಕಾದರೂ ಕರೆಯುತ್ತಾರೆಂದು ಒರಾಕಲ್ ಕಂಪನಿಯ ಎಸ್‌ಕ್ಯೂಎಲ್ ಪರೀಕ್ಷೆ ಆರಿಸಿಕೊಂಡಿದ್ದಳು. ಸಂಖ್ಯೆಯ ಕೊನೆಗೆ 071 ಎಂದಿರುವ ಪರೀಕ್ಷೆ ಅದು. ನಮ್ಮ ಹೊಲದ ಉತಾರ ಕಂಪ್ಯೂಟರಿನಿಂದ ಬರುತ್ತದಲ್ಲ, ಅಂಥ ಲಕ್ಷಾಂತರ ದಾಖಲೆಗಳನ್ನು ಕೋಷ್ಟಕಗಳಲ್ಲಿ ಇಡುವುದೇ ಡೇಟಾಬೇಸ್. ಬೇಕಾದ್ದನ್ನು ಅದರಿಂದ ಕೇಳಿ ಪಡೆಯುವ ಭಾಷೆ ಎಸ್‌ಕ್ಯೂಎಲ್. ಪರೀಕ್ಷೆಯ ಶುಲ್ಕಕ್ಕೆ ಅವಳು ಪಾಟ್ಲಿ ಒತ್ತೆ ಇಟ್ಟದ್ದು ನನಗೆ ಆಮೇಲೆ ತಿಳಿಯಿತು. ಓದಲು ಸಿಗುತ್ತಿದ್ದುದು ಕೂಸು ಮಲಗಿದ ಮೇಲಿನ ಒಂದೂವರೆ ತಾಸು.

ಅವಳು ಹೆಚ್ಚು ನೆಚ್ಚಿದ್ದು ಒಂದು ಝೆರಾಕ್ಸ್ ಕಟ್ಟನ್ನು. ‘ಡಂಪ್’ ಎನ್ನುತ್ತಾರಂತೆ. ಪರೀಕ್ಷೆಯಲ್ಲಿ ಬಂದ ಪ್ರಶ್ನೆಗಳೇ ಎಂದು ಹೇಳಿ ಮಾರಿದ್ದರು. ನಾನು ಹದಿನೆಂಟು ವರ್ಷದಿಂದ ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು, ಕಂಪ್ಯೂಟರ್ ತಿಳಿಯದು. ಒಂದು ಪ್ರಶ್ನೆ ನನಗೆ ತಿಳಿಯುವ ಹಾಗೆ ಹೇಳು ಎಂದೆ.

“ದೊಡ್ಡವ್ವಾ, ಸಂಘದ ಸದಸ್ಯರ ಯಾದಿ ಒಂದು, ಸಾಲ ತಗೊಂಡವರ ಯಾದಿ ಒಂದು ಅದಾವು ಅಂತ ತಿಳಿ. ಸಾಲದ ಯಾದಿಯೊಳಗ ಇಲ್ಲದವರನ್ನ ತೋರಿಸು ಅಂತ ‘ನಾಟ್ ಇನ್’ ಹಚ್ಚಿ ಕೇಳತೀವಿ. ಆದರ ಆ ಯಾದಿಯೊಳಗ ಒಂದು ಕಡೆ ಹೆಸರಿನ ಜಾಗ ಖಾಲಿ ಐತಿ. ಯಾರ್ಯಾರು ಬರತಾರ?”

“ಸಾಲ ತಗೊಳ್ಳದವರು ಬರತಾರ.”

“ಇಲ್ಲ, ಒಬ್ಬರೂ ಬರೂದಿಲ್ಲ. ಉತ್ತರ ಡಿ.”

“ಯಾಕ?”

ಅವಳು ಹಾಳೆ ತಿರುವಿದಳು. ಕಟ್ಟಿನಲ್ಲಿ ‘ಡಿ’ ಬಿಟ್ಟರೆ ಏನೂ ಇರಲಿಲ್ಲ.

ಕಾರಣ ಸಿಕ್ಕಿದ್ದು ಸಿಲ್ಬರ್‌ಶಾಟ್ಜ್, ಕಾರ್ತ್ ಮತ್ತು ಮುಂಬಯಿ ಐಐಟಿಯ ಸುದರ್ಶನ್ ಬರೆದ ಕಾಲೇಜಿನ ದಪ್ಪ ಪಠ್ಯಪುಸ್ತಕದಲ್ಲಿ. ಖಾಲಿ ಜಾಗವೆಂದರೆ ಸೊನ್ನೆಯಲ್ಲ, ‘ಗೊತ್ತಿಲ್ಲ’ ಎಂದರ್ಥ. ಹೌದು, ಅಲ್ಲ ಎಂಬ ಎರಡರ ಜೊತೆ ಎಸ್‌ಕ್ಯೂಎಲ್‌ಗೆ ‘ಗೊತ್ತಿಲ್ಲ’ ಎಂಬ ಮೂರನೆಯ ಉತ್ತರವೂ ಇದೆ. ಆ ಖಾಲಿ ಹೆಸರು ಯಾರದೂ ಆಗಿರಬಹುದಾದ್ದರಿಂದ ಯಾರ ಬಗ್ಗೆಯೂ ‘ಇವಳು ಸಾಲ ಪಡೆದಿಲ್ಲ’ ಎಂದು ಯಂತ್ರ ಖಚಿತವಾಗಿ ಹೇಳಲಾರದು. ನನಗೆ ಥಟ್ಟನೆ ತಿಳಿಯಿತು. ಹೆಸರಿಲ್ಲದ ಸಾಲದ ಚೀಟಿಯೊಂದು ಸಿಕ್ಕ ದಿನ ಸಭೆಯಲ್ಲಿ ಎಲ್ಲರ ಮುಖ ನೋಡಬೇಕಾಗುತ್ತದೆ!

ಹಾಗೆಂದು ಆ ಪುಸ್ತಕವೊಂದೇ ಸಾಕೆನ್ನಲಾರೆ. ಅದರಲ್ಲಿ ಅರ್ಧಕ್ಕೂ ಮಿಕ್ಕಿ ಈ ಪರೀಕ್ಷೆಗೆ ಬೇಡದ ಸಂಗತಿ. ಎಲ್ಲ ಡೇಟಾಬೇಸುಗಳಿಗೂ ಹೊಂದುವ ನಿಯಮ ಹೇಳುವುದು ಅದರ ಗುರಿ. ಆದರೆ ಒರಾಕಲ್‌ಗೆ ತನ್ನದೇ ರೂಢಿಗಳಿವೆ: ಏನೂ ಬರೆಯದ ಖಾಲಿ ಪದವನ್ನೂ ಅದು ‘ಗೊತ್ತಿಲ್ಲ’ ಎಂದೇ ಎಣಿಸುತ್ತದೆ, ಮೈಎಸ್‌ಕ್ಯೂಎಲ್ ಹಾಗೆ ಎಣಿಸುವುದಿಲ್ಲ. ಅವಳ ಹತ್ತಿರ ಐವಾನ್ ಬೇರಾಸ್ ಅವರ ಪುಸ್ತಕದ ಹಳೆಯ ಪ್ರತಿಯೂ ಇತ್ತು. ಆಜ್ಞೆ ಬರೆದು, ಅದರ ಫಲ ತೋರಿಸಿ ಕಲಿಸುವ ಕ್ರಮ ಅದರದು. ಕೈ ಪಳಗಿಸಲು ಒಳ್ಳೆಯದು. ಆದರೆ 2013ರಲ್ಲಿ ಬಂದ ಒರಾಕಲ್ 12ಸಿ ಆವೃತ್ತಿಗಿಂತ ಮೊದಲಿನ ಮುದ್ರಣವಾದ್ದರಿಂದ, ‘ಮೊದಲ ಐದು ಸಾಲು ಮಾತ್ರ ಕೊಡು’ ಎನ್ನಲು ಆಗ ಸೇರಿಸಿದ ಹೊಸ ವಿಧಾನ ಅದರಲ್ಲಿಲ್ಲ. ಪರೀಕ್ಷೆಯ ಪಠ್ಯಕ್ರಮದಲ್ಲಿ ಅದು ಇದೆ.

ನನ್ನ ಮನಸ್ಸಿಗೆ ಬಂದದ್ದು ಸ್ಟೀವ್ ಓಹರ್ನ್ ಈ ಪರೀಕ್ಷೆಗೆಂದೇ 2017ರಲ್ಲಿ ತಂದ ಮಾರ್ಗದರ್ಶಿ. ಅಧ್ಯಾಯಗಳು ಪಠ್ಯಕ್ರಮದ ಜಾಡಿನಲ್ಲೇ ಸಾಗುತ್ತವೆ. ಪ್ರತಿ ಪಾಠದ ಕೊನೆಯ ಪ್ರಶ್ನೆಗಳಿಗೆ ಸರಿಯುತ್ತರದ ಜೊತೆಗೆ, ಉಳಿದವು ಯಾಕೆ ತಪ್ಪು ಎಂದೂ ಬರೆದಿದೆ. ಕುಂದು ಇಲ್ಲದಿಲ್ಲ, ಬಹಳಷ್ಟು ಉದಾಹರಣೆಗಳು ಹಡಗು, ಬಂದರುಗಳವು, ಸಮುದ್ರ ಕಾಣದ ನಮಗೆ ದೂರದವು. ಹಡಗಿನ ಜಾಗದಲ್ಲಿ ನಮ್ಮ ಸಂಘದ ಯಾದಿ ಇಟ್ಟುಕೊಂಡು ಓದು ಎಂದೆ. ಕಂಪನಿಯ ಸ್ವಂತ ಕೈಪಿಡಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಪಾಠದಂತೆ ಓದಲಾಗದು, ಸಂಶಯ ಬಂದಾಗ ನಿಘಂಟಿನಂತೆ ತೆರೆಯಬೇಕು.

ಒಂದೂವರೆ ತಾಸಿನಲ್ಲಿ ಓದುವವಳಿಗೆ ಝೆರಾಕ್ಸ್ ಕಟ್ಟಿನ ಆಸೆ ಹುಟ್ಟುವುದು ತಪ್ಪೆಂದು ನಾನು ಬೈಯಲಾರೆ. ಆದರೆ ಸೋರಿದ ಪ್ರಶ್ನೆ ಬಳಸುವುದು ಕಂಪನಿಯ ನಿಯಮದಂತೆ ಮೋಸ. ಸಿಕ್ಕ ಪ್ರಮಾಣಪತ್ರವೂ ರದ್ದಾಗಬಹುದು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಆರು ವರ್ಷ ಮನೆಯಲ್ಲಿದ್ದ ಹೆಣ್ಣುಮಗಳಿಗೆ ಮೊದಲು ಬೇಕಾದದ್ದು ‘ನನಗೆ ತಿಳಿದಿದೆ’ ಎಂಬ ಧೈರ್ಯ. ‘ಡಿ’ ಎಂಬ ಅಕ್ಷರ ಅದನ್ನು ಕೊಡುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಪಠ್ಯಕ್ರಮ ಕೈಯಲ್ಲಿ ಹಿಡಿಯಿರಿ, ಪುಸ್ತಕದ ಇಸವಿ ನೋಡಿರಿ, ಆಮೇಲೆ ಒಂದು ಪ್ರಶ್ನೆ ತೆರೆದು ‘ಯಾಕೆ?’ ಎಂದು ಕೇಳಿರಿ.

ಅವಳು ಪರೀಕ್ಷೆಯನ್ನು ಎರಡು ತಿಂಗಳು ಮುಂದೂಡಿ ಬರೆದು ಪಾಸಾದಳು. ಕೆಲಸ ಇನ್ನೂ ಸಿಕ್ಕಿಲ್ಲ, ಪಾಟ್ಲಿಯೂ ಮನೆಗೆ ಬಂದಿಲ್ಲ. ಮೊನ್ನೆ ಒಂದು ಸಂದರ್ಶನದಲ್ಲಿ ಆ ಖಾಲಿ ಜಾಗದ ಪ್ರಶ್ನೆಯನ್ನೇ ಕೇಳಿ, ‘ಯಾಕೆ?’ ಎಂದರಂತೆ. “ಸಂಘದ ಚೀಟಿ ನೆನಪಾತು, ದೊಡ್ಡವ್ವಾ” ಎಂದು ಫೋನಿನಲ್ಲಿ ನಕ್ಕಳು.