ಕ್ಯಾನ್ಸರ್ ಮತ್ತು ರೋಗನಿರೋಧ: ಒಂದು ಇತಿಹಾಸಕಥನದ ವಿಮರ್ಶೆ

ಶರೀರದ ರೋಗನಿರೋಧಶಕ್ತಿಯಿಂದಲೇ ಕ್ಯಾನ್ಸರನ್ನು ಗುಣಪಡಿಸುವ ಚಿಕಿತ್ಸೆಯ ಇತಿಹಾಸವನ್ನು ಈಚಿನ ಗ್ರಂಥಗಳೂ ಉಪನ್ಯಾಸಗಳೂ ಹೇಳುವ ಕ್ರಮ ಬಹುಮಟ್ಟಿಗೆ ಒಂದೇ. ೧೮೯೧ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿಯವರು ರೋಗಿಯ ಗಂತಿಗೆ ಬ್ಯಾಕ್ಟೀರಿಯಗಳನ್ನು ಚುಚ್ಚಿದರು. ೧೯೫೭ರಲ್ಲಿ ಆಸ್ಟ್ರೇಲಿಯದ ಬರ್ನೆಟ್ಟರು ದೇಹವು ಕ್ಯಾನ್ಸರ್ ಕೋಶಗಳ ಮೇಲೆ ಸದಾ ಕಾವಲಿಟ್ಟಿರುತ್ತದೆಂಬ ವಾದವನ್ನು ಮಂಡಿಸಿದರು. ಬಳಿಕ ಜಗತ್ತು ಅದನ್ನು ಮರೆಯಿತು. ೨೦೧೮ರಲ್ಲಿ ಆಲಿಸನ್ ಮತ್ತು ಹೊಂಜೊ ಅವರಿಗೆ ನೊಬೆಲ್ ಪಾರಿತೋಷಕ ದೊರೆತು ಸತ್ಯಕ್ಕೆ ಜಯವಾಯಿತು. ಪ್ರಶಸ್ತಿಶಾಸನಗಳನ್ನು ಓದಿ ಬಲ್ಲವರಿಗೆ ಈ ಧಾಟಿ ಅಪರಿಚಿತವಲ್ಲ. ಗೆದ್ದವರ ಹೆಸರುಗಳೆಲ್ಲ ಉಂಟು. ನಡುವಣ ಸೋಲು ಏಕಾಯಿತೆಂಬುದಕ್ಕೆ ಮಾತ್ರ ಒಂದು ಪಂಕ್ತಿಯೂ ಇಲ್ಲ.

ಈ ಕಥನ ಅವಸರದಲ್ಲಿ ದಾಟಿಹೋಗುವ ವರ್ಷ ೧೯೭೪. ಥೈಮಸ್ ಗ್ರಂಥಿ ಬೆಳೆಯದೆ ಹುಟ್ಟುವ ಬೋಳು ಇಲಿಗಳಿಗೂ ಸಾಮಾನ್ಯ ಇಲಿಗಳಿಗೂ ಮೀಥೈಲ್‌ಕೊಲಾಂತ್ರೀನ್ ಎಂಬ ಕ್ಯಾನ್ಸರ್‌ಜನಕ ರಾಸಾಯನಿಕವನ್ನು ಚುಚ್ಚಿ ಸ್ಟುಟ್ಮನ್ನರು ಆಗ ಪರೀಕ್ಷಿಸಿದರು. ಬರ್ನೆಟ್ಟರ ವಾದ ನಿಜವಾಗಿದ್ದರೆ ಕಾವಲಿಲ್ಲದ ಇಲಿಗಳಲ್ಲಿ ಗಂತಿಗಳು ಹೆಚ್ಚಬೇಕಾಗಿತ್ತು, ಹೆಚ್ಚಲಿಲ್ಲ. ಆ ಇಲಿಗಳಲ್ಲಿ ಟಿ-ಕೋಶಗಳು ಸಂಪೂರ್ಣವಾಗಿ ನಾಶವಾಗಿರಲಿಲ್ಲವೆಂಬುದೂ, ಗಂತಿಯ ಕೋಶಗಳನ್ನು ಕೊಲ್ಲಬಲ್ಲ ಮತ್ತೊಂದು ಬಗೆಯ ಕೋಶಗಳು ಅವುಗಳಲ್ಲಿ ಉಳಿದಿದ್ದುವೆಂಬುದೂ ತರುವಾಯ ತಿಳಿದ ಸಂಗತಿ. ಕೈಯಲ್ಲಿದ್ದ ಸಾಕ್ಷ್ಯವನ್ನು ನೋಡಿ ವಾದವನ್ನು ಬದಿಗಿಟ್ಟವರು ನ್ಯಾಯವಾಗಿಯೇ ನಡೆದರು. ಇದನ್ನು ಮರೆವು ಎಂದು ಕರೆಯುವವರು ಇಂದಿನ ಅರಿವನ್ನು ಅಂದಿನವರ ಮೇಲೆ ಹೊರಿಸುತ್ತಾರೆ.

ವಾದ ಮತ್ತೆ ತಲೆಯೆತ್ತಿದ ಬಗೆ ಇದಕ್ಕಿಂತ ಸ್ವಾರಸ್ಯವಾದುದು. ಡಿ.ಎನ್.ಎ.ಯನ್ನು ಹಿಡಿದು ಯಾವ ಜೀನು ಎಂದು ನಕಲಾಗಬೇಕೆಂಬುದನ್ನು ನಿರ್ಣಯಿಸುವ ಪ್ರೋಟೀನುಗಳಿಗೆ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರುಗಳೆಂದು ಹೆಸರು. ಓಲೆಯ ಕಟ್ಟಿನಲ್ಲಿ ಯಾವ ಗರಿಯನ್ನು ಪ್ರತಿಮಾಡಬೇಕೆಂದು ಲಿಪಿಕಾರನಿಗೆ ಹೇಳುವವರಂತೆ ಇವು. ಇಂಟರ್‌ಫೆರಾನ್ ಗ್ಯಾಮಾ ತಂದ ಸೂಚನೆಯನ್ನು ಕೋಶಕೇಂದ್ರಕ್ಕೆ ಮುಟ್ಟಿಸುವ ಸ್ಟ್ಯಾಟ್-೧ ಇವುಗಳಲ್ಲಿ ಒಂದು. ೨೦೦೧ರಲ್ಲಿ ಶ್ರೈಬರ್ ಮತ್ತು ಸಹೋದ್ಯೋಗಿಗಳು ಸ್ಟ್ಯಾಟ್-೧ ಇಲ್ಲದ ಇಲಿಗಳನ್ನೂ, ಟಿ ಮತ್ತು ಬಿ ಕೋಶಗಳೇ ರೂಪುಗೊಳ್ಳದ ಇಲಿಗಳನ್ನೂ ಅದೇ ರಾಸಾಯನಿಕದಿಂದ ಪರೀಕ್ಷಿಸಿದರು. ಈ ಸಲ ಗಂತಿಗಳು ಹೆಚ್ಚಿದುವು. ಅಷ್ಟೇ ಅಲ್ಲ: ಕಾವಲಿಲ್ಲದ ಇಲಿಯಲ್ಲಿ ಬೆಳೆದ ಹಲವು ಗಂತಿಗಳನ್ನು ಆರೋಗ್ಯವಂತ ಇಲಿಗೆ ನೆಟ್ಟಾಗ ಅದು ಅವನ್ನು ತಿರಸ್ಕರಿಸಿತು, ಆರೋಗ್ಯವಂತ ಇಲಿಯಲ್ಲೇ ಬೆಳೆದ ಗಂತಿಗಳು ಮತ್ತೊಂದರಲ್ಲೂ ಬೇರೂರಿದುವು. ಎಂದರೆ ಕಾವಲು ದುರ್ಬಲ ಕೋಶಗಳನ್ನು ಕೊಂದು, ಅದರ ಕಣ್ತಪ್ಪಿಸಬಲ್ಲವನ್ನು ಆರಿಸಿ ಉಳಿಸುತ್ತದೆ. ಮರಳಿ ಬಂದದ್ದು ಬರ್ನೆಟ್ಟರ ವಾದವೇ ಎಂಬುದು ಆದುದರಿಂದ ಅರ್ಧಸತ್ಯ.

ಯುದ್ಧದ ರೂಪಕವಂತೂ ಫಾಕ್ಸ್-ಪಿ-೩ ಎಂಬ ಮತ್ತೊಂದು ಫ್ಯಾಕ್ಟರಿನ ಮುಂದೆ ನಿಲ್ಲಲಾರದು. ಬ್ರಂಕೋ ಮತ್ತು ರ‍್ಯಾಮ್ಸ್‌ಡೆಲ್ ಅದರ ಜೀನನ್ನು ೨೦೦೧ರಲ್ಲಿ ಗುರುತಿಸಿದರು. ರೋಗನಿರೋಧವನ್ನು ತಡೆದು ನಿಲ್ಲಿಸುವ ನಿಯಂತ್ರಕ ಟಿ-ಕೋಶಗಳನ್ನು ರೂಪಿಸುವುದು ಅದೇ ಎಂದು ೨೦೦೩ರಲ್ಲಿ ಸಾಕಾಗುಚಿಯವರೂ ಇತರರೂ ತೋರಿಸಿದರು. ೨೦೨೫ರ ನೊಬೆಲ್ ಪಾರಿತೋಷಕ ಮೊದಲ ಇಬ್ಬರಿಗೂ ಸಾಕಾಗುಚಿಯವರಿಗೂ ಸಂದಿತು. ಆ ಜೀನು ಕೆಟ್ಟ ಶಿಶುವಿನ ದೇಹ ತನ್ನ ಕರುಳನ್ನೂ ಗ್ರಂಥಿಗಳನ್ನೂ ತಾನೇ ನಾಶಗೊಳಿಸುತ್ತದೆ. ಅದೇ ನಿಯಂತ್ರಕ ಕೋಶಗಳು ಗಂತಿಯಲ್ಲಿ ಗುಂಪುಗೂಡಿದರೆ ಗಂತಿಗೆ ರಕ್ಷಣೆ. ಇವುಗಳನ್ನು ಶತ್ರುವೆನ್ನೋಣವೆ, ಮಿತ್ರನೆನ್ನೋಣವೆ?

ಇದು ಕೇವಲ ಶೈಲಿಯ ಪ್ರಶ್ನೆಯಲ್ಲ. ಫ್ಯಾಕ್ಟರುಗಳ ಮೈಯಲ್ಲಿ ಔಷಧದ ಅಣು ನೆಲೆಗೊಳ್ಳಲು ತಕ್ಕ ಕುಳಿಗಳು ವಿರಳವಾದ್ದರಿಂದ ಚಿಕಿತ್ಸೆಯು ಹೆಚ್ಚಾಗಿ ಕೋಶದ ಹೊರಮೈಯ ತಡೆಗಳನ್ನೇ ಹಿಡಿದಿದೆ. ತಡೆ ತೆಗೆದಾಗ ಕರುಳು, ಚರ್ಮ, ಗ್ರಂಥಿಗಳು ಉರಿಯೂತಕ್ಕೆ ಸಿಲುಕುವುದುಂಟು. ಜಯಗಾಥೆಯನ್ನು ಕೇಳಿ ಬಂದ ರೋಗಿಗೆ ಇದು ಅನಿರೀಕ್ಷಿತ. ಇಂಥ ಔಷಧಗಳಲ್ಲಿ ಮೊದಲನೆಯದಾಗಿ ೨೦೧೧ರಲ್ಲಿ ಅಮೆರಿಕದ ಅನುಮತಿ ಪಡೆದ ಇಪಿಲಿಮುಮಾಬಿನ ಫಲಿತಾಂಶಗಳನ್ನು ೨೦೧೫ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ವಿಷಮಿಸಿದ ಮೆಲನೋಮ ರೋಗಿಗಳಲ್ಲಿ ಮೂರು ವರ್ಷ ದಾಟಿದವರು ಐವರಲ್ಲಿ ಒಬ್ಬರಷ್ಟು. ಅದಕ್ಕೆ ಮುಂಚಿನ ಸ್ಥಿತಿಗೆ ಹೋಲಿಸಿದರೆ ಇದು ಸಣ್ಣ ಸಾಧನೆಯಲ್ಲ. ಉಳಿದ ನಾಲ್ವರ ವಿಚಾರವನ್ನು ಈ ಕಥನ ಎತ್ತುವುದೇ ಇಲ್ಲ.