ಕಪ್ಪನ್ನು ಪಚ್ಚೆ ಎಂದವರು: ಹಚ್ಚೆ ಕಲಾವಿದರ ಜಲವರ್ಣವನ್ನು ಓದುವ ಬಗೆ

ವಯನಾಡಿನಿಂದ ಹಚ್ಚೆಯ ಬಗ್ಗೆ ಕನ್ನಡದಲ್ಲಿ ಮಾತಾಡೋದಕ್ಕೆ ಒಂದು ಅನುಕೂಲ ಇದೆ. ಮಲಯಾಳದ ‘ಪಚ್ಚಕುತ್ತು’, ಕನ್ನಡದ ‘ಹಚ್ಚೆ’ ಎರಡೂ ಇಲ್ಲಿ ಅಕ್ಕಪಕ್ಕದಲ್ಲೇ ಇವೆ. ಪಕಾರ ಹಕಾರ ಆದದ್ದು ನಮಗೆಲ್ಲ ಗೊತ್ತಿರೋದೇ: ಪಾಲ್ ಹಾಲಾಯಿತು, ಪೂ ಹೂವಾಯಿತು, ಪಚ್ಚೆ ಹಚ್ಚೆಯಾಯಿತು. ಪಚ್ಚೆ ಅಂದರೆ ಹಸಿರು. ಆದರೆ ಚುಚ್ಚುತ್ತಿದ್ದದ್ದು ದೀಪದ ಕಾಡಿಗೆ. ಕಪ್ಪನ್ನು ಹಾಕಿ ಹಸಿರು ಅಂತ ಯಾಕೆ ಕರೆದರು? ಈ ಪ್ರಶ್ನೆ ಹಿಡಿದುಕೊಂಡು, ಹಚ್ಚೆ ಹಾಕುವ ಕಲಾವಿದರ ಜಲವರ್ಣ ಮತ್ತು ರೇಖಾಚಿತ್ರಗಳನ್ನು ಹೇಗೆ ಓದಬೇಕು ಎಂಬುದನ್ನು ನೋಡೋಣ.

ಇಂಥ ಕಲಾವಿದರ ಬಗ್ಗೆ ಸಾಮಾನ್ಯವಾಗಿ ಎರಡು ಮಾತು ಬರುತ್ತೆ. ಹಚ್ಚೆ ಹೊಟ್ಟೆಪಾಡು, ಜಲವರ್ಣವೇ ನಿಜವಾದ ಕಲೆ ಅನ್ನೋದು ಒಂದು. ಕಾಗದದ ಮೇಲಿನದು ಬರೀ ನಮೂನೆ, ಚರ್ಮದ ಮೇಲಿನದೇ ಕೃತಿ ಅನ್ನೋದು ಇನ್ನೊಂದು. ಅಮೆರಿಕದ ಡಾನ್ ಎಡ್ ಹಾರ್ಡಿಯವರನ್ನು ನೋಡಿದರೆ ಎರಡೂ ಸಾಲದು ಅನ್ನಿಸುತ್ತೆ. 1945ರಲ್ಲಿ ಹುಟ್ಟಿದ ಹಾರ್ಡಿ ಹುಡುಗನಾಗಿದ್ದಾಗಲೇ ನೆರೆಮನೆ ಮಕ್ಕಳ ಮೈಮೇಲೆ ಐಲೈನರ್, ಬಣ್ಣದ ಪೆನ್ಸಿಲ್ಲುಗಳಿಂದ ಚಿತ್ರ ಬರೆಯುತ್ತಿದ್ದವರು. ಸ್ಯಾನ್ ಫ್ರಾನ್ಸಿಸ್ಕೋ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಮುದ್ರಣಕಲೆ ಕಲಿತು 1967ರಲ್ಲಿ ಪದವಿ ಪಡೆದರು. 1973ರಲ್ಲಿ ಜಪಾನಿಗೆ ಹೋಗಿ ಹೊರಿಹಿದೆ ಅವರ ಬಳಿ ಕೆಲಸ ಮಾಡಿದರು. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡಿ ಯಂಗ್ ಮ್ಯೂಸಿಯಂ ಅವರ ಕೃತಿಗಳ ದೊಡ್ಡ ಪ್ರದರ್ಶನ ಮಾಡಿತು.

ಅವರು ಬೆಳೆದ ಪರಂಪರೆಯಲ್ಲಿ ಅಂಗಡಿಯ ಗೋಡೆಗೆ ಹಾಕುವ ನಮೂನೆಯ ಹಾಳೆಗಳನ್ನು ‘ಫ್ಲ್ಯಾಶ್’ ಅನ್ನುತ್ತಾರೆ. ಮೊದಲು ಕಪ್ಪು ಗೆರೆ. ಆಮೇಲೆ ಗೆರೆಯ ಪಕ್ಕ ಶಾಯಿ ಇಟ್ಟು, ಎಂಜಲಲ್ಲಿ ಒದ್ದೆ ಮಾಡಿದ ಇನ್ನೊಂದು ಕುಂಚದಿಂದ ಅದನ್ನು ಎಳೆದು, ಗಾಢದಿಂದ ತಿಳಿಗೆ ಇಳಿಸೋದು. ಕೊನೆಗೆ ತೆಳು ಬಣ್ಣ. ಒಮ್ಮೆ ಬಿದ್ದ ಶಾಯಿಯನ್ನು ಅಳಿಸಲಿಕ್ಕೆ ಆಗೋದಿಲ್ಲ, ಚರ್ಮದಲ್ಲೂ ಆಗೋದಿಲ್ಲ. ಹಾಗಾಗಿ ಕಾಗದ ಇಲ್ಲಿ ಕೈಗೆ ಶಿಸ್ತು ಕಲಿಸುವ ಜಾಗ. ಬೇರೆಯವರ ಮೈಮೇಲೆ ತಪ್ಪಬಾರದ್ದನ್ನು ಕಲಾವಿದರು ಮೊದಲು ಇಲ್ಲಿ ತಪ್ಪಿ ಕಲಿಯುತ್ತಾರೆ.

ಆದರೆ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಜಲವರ್ಣದಲ್ಲಿ ಬೆಳಕು ಬರೋದು ಕೆಳಗಿನ ಬಿಳಿ ಕಾಗದದಿಂದ. ಬಣ್ಣ ಅದರ ಮೇಲೆ ತೆಳ್ಳಗೆ ಕೂತಿರುತ್ತೆ. ಹಚ್ಚೆಯಲ್ಲಿ ಪದರಗಳು ತಿರುಗುಮುರುಗು. ಬಣ್ಣ ಒಳಚರ್ಮದಲ್ಲಿರುತ್ತೆ, ಹೊರಚರ್ಮ ಅದರ ಮೇಲಿರುತ್ತೆ. ಮೈಬಣ್ಣ ಕೊಡುವ ಮೆಲನಿನ್ ಇರೋದು ಆ ಹೊರಚರ್ಮದಲ್ಲಿ. ಅಂದರೆ ನಾವು ಪ್ರತಿ ಹಚ್ಚೆಯನ್ನೂ ಆ ಮೈಯ ಬಣ್ಣದ ಮೂಲಕವೇ ನೋಡುತ್ತೇವೆ.

ನನ್ನ ಆಕ್ಷೇಪ ಈಗ ಚಾಲ್ತಿಯಲ್ಲಿರುವ ‘ವಾಟರ್‌ಕಲರ್ ಟ್ಯಾಟೂ’ ಬಗ್ಗೆ. ಕಪ್ಪು ಗೆರೆ ಬಿಟ್ಟು, ಬಣ್ಣ ಚೆಲ್ಲಿದಂತೆ, ಹರಿದಂತೆ ಹಾಕುವ ಶೈಲಿ ಇದು. ನ್ಯೂಯಾರ್ಕಿನ ಅಮಾಂಡಾ ವಾಕಾಬ್ ಅವರಂಥವರ ಕೈಯಲ್ಲಿ ಇದು ಗಂಭೀರ ಪ್ರಯೋಗ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ಶೈಲಿ ಚರ್ಮವನ್ನು ಬಿಳಿ ಕಾಗದ ಅಂದುಕೊಂಡಿದೆ. ನಮ್ಮ ಕಡೆಯ ಬಹುತೇಕ ಮೈಗಳು ಬಿಳಿ ಅಲ್ಲ. ತಿಳಿ ಹಳದಿ, ತಿಳಿ ಗುಲಾಬಿ ಕಪ್ಪು ಚರ್ಮದಲ್ಲಿ ಮಂಕಾಗುತ್ತವೆ. ಆಗ ‘ನಿಮ್ಮ ಚರ್ಮಕ್ಕೆ ಬಣ್ಣ ಹಿಡಿಯಲ್ಲ’ ಅಂದುಬಿಟ್ಟರೆ, ಶೈಲಿಯ ಮಿತಿಯನ್ನು ಮೈಯ ದೋಷ ಮಾಡಿದ ಹಾಗೆ, ಅಲ್ವಾ? ಇನ್ನೊಂದು ವಿಷಯ: ಚರ್ಮ ಸುಮ್ಮನೆ ಇರೋದಿಲ್ಲ. ಬಣ್ಣದ ಕಣಗಳನ್ನು ನುಂಗಿಟ್ಟುಕೊಂಡ ಜೀವಕೋಶಗಳು ಸತ್ತಾಗ, ಆ ಕಣಗಳನ್ನು ಹೊಸ ಕೋಶಗಳು ಹಿಡಿದುಕೊಳ್ಳುತ್ತವೆ ಎಂದು 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ವರ್ಷ ಕಳೆದಂತೆ ಅಂಚುಗಳು ಮೆತ್ತಗಾಗುತ್ತವೆ. ಆಗ ಆಕಾರವನ್ನು ಕಾಯೋದು ಗೆರೆ.

ಈಗ ಪಚ್ಚೆಗೆ ಬರೋಣ. ಚರ್ಮದಡಿಯ ಕಾಡಿಗೆ, ಬೆಳಕು ಚದುರುವುದರಿಂದ, ನೀಲಿ-ಹಸಿರಾಗಿ ಕಾಣುತ್ತೆ. ಈ ಹೆಸರಿಟ್ಟವರು ಹಾಕಿದ ಬಣ್ಣಕ್ಕೆ ಹೆಸರಿಡಲಿಲ್ಲ. ಗಾಯ ಆರಿದ ಮೇಲೆ ಕಂಡ ಬಣ್ಣಕ್ಕೆ ಇಟ್ಟರು. ಪದದಲ್ಲೇ ಒಂದು ಕಲಾವಿಮರ್ಶೆ ಇದೆ. ವಯನಾಡು ಆಗ ಸೇರಿದ್ದ ಮದರಾಸು ಪ್ರಾಂತದ ಬಗ್ಗೆ ಬರೆದ ಎಡ್ಗರ್ ಥರ್ಸ್ಟನ್ ತಮ್ಮ 1909ರ ಸಂಪುಟಗಳಲ್ಲಿ ಕೊರವ ಹೆಂಗಸರ ಹಚ್ಚೆ ಕೆಲಸ ದಾಖಲಿಸಿದ್ದಾರೆ: ಅರಿಶಿನ, ಅಗಸೆ ಮರದ ಎಲೆ ಅರೆದು, ಬಟ್ಟೆಗೆ ಸವರಿ, ಬತ್ತಿ ಹೊಸೆದು, ಹರಳೆಣ್ಣೆಯಲ್ಲಿ ಉರಿಸಿ, ಮೇಲೆ ಹೊಸ ಮಡಕೆ ಕವುಚಿ ಕಾಡಿಗೆ ಹಿಡಿಯೋದು, ಅದನ್ನು ಎದೆಹಾಲಲ್ಲೋ ನೀರಲ್ಲೋ ಕಲಸೋದು. ಇಷ್ಟು ವಿವರ ಸಿಗುತ್ತೆ. ಆ ಹೆಂಗಸರಲ್ಲಿ ಒಬ್ಬರ ಹೆಸರನ್ನೂ ನಾವು ಕಲಾವಿದೆ ಎಂದು ಓದಿಲ್ಲ. ಕೊರವರನ್ನು ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಸೇರಿಸಿತ್ತು. ಅದೇ ಕಾಲದ ಜಲವರ್ಣ ಕಲಾವಿದ ಕೆ. ವೆಂಕಟಪ್ಪನವರಿಗೆ (1886–1965) ಬೆಂಗಳೂರಿನಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಅವರು ಅದಕ್ಕೆ ಅರ್ಹರೇ. ನಾನು ಕೇಳೋದು, ಒಂದು ಕೈಯ ಶಿಸ್ತು ಕಲೆ, ಇನ್ನೊಂದರದು ‘ಜಾನಪದ ಸಾಮಗ್ರಿ’ ಹೇಗಾಯಿತು ಅಂತ. ವಯನಾಡಿನ ಎಡಕಲ್ಲಿನ ಕೊರೆದ ಗೆರೆಗಳನ್ನು ನಾವು ಕಲೆಯ ಇತಿಹಾಸಕ್ಕೆ ಸೇರಿಸಿಕೊಂಡಿದ್ದೇವೆ. ಅಲ್ಲೂ ಹೆಸರಿಲ್ಲ, ಆದರೆ ಕಲ್ಲು ಉಳಿಯುತ್ತೆ. ಅಜ್ಜಿಯ ತೋಳು ಅಜ್ಜಿಯ ಜೊತೆಗೇ ಹೋಗುತ್ತೆ.

ಹಾಗಾಗಿ ವಿಮರ್ಶಕರಿಗೆ ನನ್ನ ಸೂಚನೆ ಎರಡೇ. ಹಚ್ಚೆ ಕಲಾವಿದರ ಜಲವರ್ಣ ನೋಡುವಾಗ, ಈ ಕೈ ಯಾವ ಮೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ ಅಂತ ಕೇಳೋಣ. ಹಚ್ಚೆಯನ್ನು ನೋಡುವಾಗ, ಹಾಕಿದ ದಿನದ ಫೋಟೋ ಸಾಕು ಅನ್ನದೆ, ವರ್ಷಗಳ ನಂತರದ್ದನ್ನೂ ಕೇಳೋಣ. ಪಚ್ಚೆ ಎಂದು ಹೆಸರಿಟ್ಟವರು ಅಷ್ಟು ಕಾಲ ಕಾದು ನೋಡಿದವರು. ಚರ್ಚೆಯಲ್ಲಿ ಇದಕ್ಕೆ ವಿರೋಧ ಬಂದರೆ ಸಂತೋಷ.